ಪ್ರಸಾರ ನಿಂತ ವರ್ಷ

ಧೂಳು ಸುಡುವ ವಾಸನೆ. ನಳಿನಿಗೆ ಎಚ್ಚರವಾದದ್ದು ಅದರಿಂದಲೇ. ಕಣ್ಣು ಬಿಡುವ ಮೊದಲು ಅವಳು ಮೈಸೂರಿನಲ್ಲಿದ್ದಳು, ಪಕ್ಕದ ಮನೆಯ ಹೆಡ್‌ಮಾಸ್ಟರ ಹಜಾರದಲ್ಲಿ, ಕಸೂತಿಯ ಹೊದಿಕೆ ತೆಗೆದಿಟ್ಟ ರೇಡಿಯೋದ ಎದುರು ಮಂಡಿ ಮಡಚಿ ಕೂತ ಹುಡುಗಿಯಾಗಿ. ಆ ರೇಡಿಯೋ ಗುಂಡಿ ತಿರುಗಿಸಿದ ಕೂಡಲೇ ಮಾತಾಡುತ್ತಿರಲಿಲ್ಲ. ಮೊದಲು ಒಳಗಿನ ಗಾಜಿನ ವಾಲ್ವುಗಳು ಕಾಯಬೇಕು, ಅವುಗಳ ಮೇಲೆ ಕೂತ ಧೂಳು ಸಣ್ಣಗೆ ಸುಡಬೇಕು, ಆ ವಾಸನೆ ಹಜಾರದ ತುಂಬ ಹರಡಬೇಕು. ಆಮೇಲೆ ಎಲ್ಲಿಂದಲೋ ಒಂದು ದನಿ ನಡೆದುಕೊಂಡು ಹತ್ತಿರ ಬರುತ್ತಿತ್ತು. ಹಾಡಿಗಿಂತ ಅವಳಿಗೆ ಇಷ್ಟವಾಗುತ್ತಿದ್ದುದು ಆ ಕಾಯುವ ಹೊತ್ತು. ಹೆಡ್‌ಮಾಸ್ಟರ ಹೆಂಡತಿ ಏನೂ ಕೇಳದೆ ಅವಳ ಅಂಗೈಯಲ್ಲಿ ಒಂದು ಚೂರು ಬೆಲ್ಲವಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ಇನ್ನೇನು ದನಿ ಬಂದೇಬಿಟ್ಟಿತು ಅಂದುಕೊಂಡು ಕಣ್ಣು ಬಿಟ್ಟರೆ ಇರ್ವಿಂಗಿನ ಮನೆಯ ಬಿಳಿ ಚಾವಣಿ, ಅದರ ಮೂಲೆಯಲ್ಲಿ ಹೀಟರಿನ ಜಾಲರಿ. ಬೇಸಿಗೆಯೆಲ್ಲ ಮಲಗಿದ್ದ ಹೀಟರನ್ನು ಚಂದ್ರಮೋಹನ ಎದ್ದು ಹಾಕಿದ್ದ. ನವೆಂಬರಿನ ಮೊದಲ ಚಳಿ. ಒಳಗೆ ಸುಡುತ್ತಿದ್ದುದು ಎಂಟು ತಿಂಗಳ ಧೂಳು.

"ರೀ, ಇಷ್ಟಕ್ಕೇ ಹೀಟರ್ ಹಾಕಿದ್ರಾ?"

"ಅನಘಾ ಬರ್ತಿದಾಳಲ್ಲ. ಆಸ್ಟಿನ್‌ನಲ್ಲಿ ಇಷ್ಟು ಚಳಿ ಇರಲ್ಲ. ಕಾರಿಂದ ಇಳಿದು ಬರೋ ಹೊತ್ತಿಗೆ ಮನೆ ಬೆಚ್ಚಗಿರಲಿ." ಅಡಿಗೆಮನೆಯಿಂದಲೇ ಉತ್ತರ ಬಂತು, ಕಾಫಿ ಯಂತ್ರದ ಸದ್ದಿನ ನಡುವೆ.

ಮಗಳು ಬರುತ್ತಾಳೆ. ಅದಕ್ಕೆ ಸಂತೋಷಪಡಬೇಕಾದ ಮನಸ್ಸು ಒಂದು ವಾರದಿಂದ ಬಾಗಿಲ ಹಿಂದೆ ನಿಂತಿತ್ತು. ಅನಘಾ ಆಸ್ಟಿನ್ನಿನಲ್ಲಿ ಓದುತ್ತಿದ್ದುದು ರೇಡಿಯೋ, ಟೆಲಿವಿಷನ್, ಸಿನಿಮಾ. ಡಾಕ್ಟರ ಮಗಳು ಡಾಕ್ಟರಾಗಲಿಲ್ಲವೆಂದು ದೇವಸ್ಥಾನದ ಊಟದ ಸಾಲಿನಲ್ಲಿ ಒಬ್ಬಿಬ್ಬರು ಮರುಗಿದ್ದರು. ಈ ಸಲ ಅವಳ ತರಗತಿಯಲ್ಲಿ ಒಬ್ಬೊಬ್ಬರಿಗೂ ಒಂದು ದೇಶ, ಒಂದು ವರ್ಷ ಹಂಚಿದ್ದರು; ಆ ವರ್ಷ ಆ ದೇಶದ ಜನ ಟಿ.ವಿ.ಯಲ್ಲಿ ಏನು ನೋಡಿದರು, ಹೇಗೆ ನೋಡಿದರು ಎಂದು ತಿಳಿದು ಬರೆಯಬೇಕು. ಅವಳಿಗೆ ಬಂದದ್ದು ಬ್ರಿಟನ್ನು, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು. "ಅಮ್ಮಾ, ಯು ವರ್ ದೇರ್! ನೀವಿಬ್ರೂ ಅಲ್ಲೇ ಇದ್ರಿ! ನನ್ನ ಕ್ಲಾಸಲ್ಲಿ ಯಾರಿಗೂ ಇಂಥ ಲಕ್ ಇಲ್ಲ," ಎಂದು ಫೋನಿನಲ್ಲಿ ಕೂಗಿದ್ದಳು. "ನಾನು ಕ್ಯಾಮೆರಾ ತರ್ತೀನಿ. ಏನು ನೋಡ್ತಿದ್ದೆ, ಅಷ್ಟು ಹೇಳು, ಸಾಕು." ಅಷ್ಟು ಹೇಳು, ಸಾಕು. ನಳಿನಿ ಫೋನು ಹಿಡಿದೇ ಕಿಟಕಿಯಾಚೆ ನೋಡಿದ್ದಳು. ಎದುರು ಮನೆಯ ಗಂಡಸು ಎಲೆ ಗುಡಿಸುತ್ತಿದ್ದ. ತನ್ನ ಹುಲ್ಲಿನ ಮೇಲಿನದನ್ನು ಮುಗಿಸಿ, ಯಾರೂ ಹೇಳದಿದ್ದರೂ ಇವರ ಹುಲ್ಲಿನ ಮೇಲಿನದನ್ನೂ ಗುಡಿಸತೊಡಗಿದ.

ಅವಳ ಹೆದರಿಕೆ ದೊಡ್ಡದೇನಲ್ಲ. ಆ ವರ್ಷದ ಬಗ್ಗೆ ಚಂದ್ರಮೋಹನನ ಬಳಿ ಒಂದು ಜೋಕಿತ್ತು. ಇಪ್ಪತ್ತು ವರ್ಷದಿಂದ ಹೇಳಿ ಹೇಳಿ ನುಣುಪಾದ ಜೋಕು. ಕ್ಯಾಮೆರಾದ ಎದುರು ಅದನ್ನು ಹೇಳಿಬಿಡುತ್ತಾನೆ. ಹೇಳಿದ ಮೇಲೆ ಅದೇ ಉಳಿಯುತ್ತದೆ. ಮಗಳು ಅದನ್ನೇ ತನ್ನ ಅಮ್ಮ ಅಂದುಕೊಳ್ಳುತ್ತಾಳೆ. ಅದರ ಕೆಳಗಿರುವುದಕ್ಕೆ ಇನ್ನು ಯಾವತ್ತೂ ಬಾಯಿ ಬರುವುದಿಲ್ಲ. ಹೇಳಬೇಡಿ ಎಂದು ಗಂಡನನ್ನು ಕೇಳಬಹುದಿತ್ತು. ಯಾಕೆ ಎಂದು ಅವನು ಕೇಳುತ್ತಿದ್ದ. ಆ ಯಾಕೆಯನ್ನು ದಾಟುವುದು ಗೊತ್ತಾಗದೆ ವಾರ ಕಳೆದುಹೋಯಿತು.

ಅನಘಾ ಬಂದು, ಚೀಲ ಎಸೆದು, ಬಚ್ಚಲಿಗೆ ಹೋಗಿ ಬಂದದ್ದೇ ತಡ, ಮೂವರೂ ಫ್ರಿಸ್ಕೋಗೆ ಹೊರಡಬೇಕಾಯಿತು. ಬಸವರಾಜ್, ರಾಜಲಕ್ಷ್ಮಿ ದಂಪತಿಗಳ ಹೊಸ ಮನೆಯಲ್ಲಿ ಮಧ್ಯಾಹ್ನದ ಊಟ. ಧಾರವಾಡದ ಕಡೆಯವರು, ಕೈ ದೊಡ್ಡದು. ಊಟಕ್ಕೆಂದರೆ ಅರ್ಧ ಊರನ್ನೇ ಕರೆಯುತ್ತಾರೆ. ಹೆದ್ದಾರಿಯ ಎರಡೂ ಬದಿಗೆ ಬಯಲು, ಬಯಲಿನ ನಡುವೆ ಒಂದೇ ಅಚ್ಚಿನಲ್ಲಿ ತೆಗೆದಂಥ ಇಟ್ಟಿಗೆ ಬಣ್ಣದ ಮನೆಗಳು, ಇನ್ನೂ ನೆರಳು ಕಲಿಯದ ಗಿಡಗಳು. ಬ್ರಿಟನ್ನಿನಲ್ಲಿ ಅವರಿದ್ದ ಲೀಡ್ಸಿನಲ್ಲಿಯೂ ಮನೆಗಳು ಹೀಗೇ ಒಂದರ ಹಾಗೆ ಒಂದು ಇದ್ದವು, ಆದರೆ ಅಲ್ಲಿ ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಗೋಡೆಯಾಚೆಯ ಮುದುಕಿ ಕೆಮ್ಮಿದರೆ ಕೇಳಿಸುತ್ತಿತ್ತು. ತಾನು ಅತ್ತರೂ ಅಲ್ಲಿಗೆ ಕೇಳಿಸುತ್ತದೆ ಎಂದು ಮೊದಮೊದಲು ಹೊಳೆದಿರಲಿಲ್ಲ. ಹಿಂದಿನ ಸೀಟಿನಿಂದ ಅನಘಾ ತಾನು ಓದಿದ್ದನ್ನೆಲ್ಲ ಹೇಳುತ್ತಿದ್ದಳು. ಆ ವರ್ಷ ಚುನಾವಣೆ ಇತ್ತಂತೆ, ಕಾಡುಪ್ರಾಣಿಗಳ ಸರಣಿಯೊಂದು ಎಲ್ಲರ ಬಾಯಲ್ಲಿತ್ತಂತೆ, ಆಮೇಲೆ ಒಂದು ಸ್ಟ್ರೈಕ್, ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಒಂದು ಇಡೀ ಚಾನೆಲ್ ಖಾಲಿ. "ಇಮ್ಯಾಜಿನ್ ಅಪ್ಪಾ, ನಥಿಂಗ್!" ಚಂದ್ರಮೋಹನ ಪಕ್ಕದ ಸೀಟಿನ ಹೆಂಡತಿಯನ್ನು ಓರೆಗಣ್ಣಲ್ಲಿ ನೋಡಿ ನಕ್ಕ. "ಇರು, ಅದಕ್ಕೊಂದು ಕಥೆ ಇದೆ," ಎಂದ. ನಳಿನಿ ಸೀಟ್‌ಬೆಲ್ಟನ್ನು ಸ್ವಲ್ಪ ಸಡಿಲ ಮಾಡಿಕೊಂಡಳು.

ರಾಜಲಕ್ಷ್ಮಿಯ ಮನೆಯಲ್ಲಿ ಹೊಸ ಕಾರ್ಪೆಟ್ಟಿನ ವಾಸನೆಯ ಮೇಲೆ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಕೂತಿತ್ತು. ತಟ್ಟೆ ಹಿಡಿದು ಗಂಡಸರು ಸೋಫಾದ ಸುತ್ತ, ಹೆಂಗಸರು ಅಡಿಗೆಮನೆಯ ಕಟ್ಟೆಯ ಸುತ್ತ. ನಡುವೆ ಎಲ್ಲಿಯೂ ಸೇರದ ನಳಿನಿ ಒಂದು ಕುರ್ಚಿಯ ಮೇಲೆ. ರೊಟ್ಟಿಯ ತುಂಡೊಂದನ್ನು ಮುರಿದು ಮುರಿದು ಪಲ್ಯದ ಸುತ್ತ ಇಡುತ್ತಿದ್ದಳು. ಬಾಯಿಗೆ ಹಾಕಿರಲಿಲ್ಲ.

"ಡಾಕ್ಟ್ರ, ನಿಮ್ಮ ಆ ಟಿ.ವಿ. ಕಥಿ ಹೇಳ್ರಿ ಮತ್ತ," ಎಂದ ಬಸವರಾಜ್. "ಹೊಸಾ ಮಂದಿ ಬಂದಾರ, ಕೇಳಿಲ್ಲ ಅವ್ರು."

"ಅಯ್ಯೋ, ಹಳೇದು ಬಿಡಯ್ಯಾ."

"ಹಳೀ ಉಪ್ಪಿನಕಾಯಿಗೇ ರುಚಿ ಭಾಳ. ಹೇಳ್ರಿ, ಹೇಳ್ರಿ."

ಚಂದ್ರಮೋಹನ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟ. ಈ ಜೋಕಿಗೆ ಎರಡು ಕೈಯೂ ಬೇಕು. "ಎಪ್ಪತ್ತೊಂಬತ್ತು. ಲೀಡ್ಸ್‌ನಲ್ಲಿದ್ವಿ. ಬಾಡಿಗೆ ಮನೆ, ಬಾಡಿಗೆ ಟಿ.ವಿ. ಆ ಟಿ.ವಿ. ಬೆನ್ನಿಗೊಂದು ಹುಂಡಿ. ನಮ್ಮ ತಿಮ್ಮಪ್ಪನ ಹಾಗೆ, ಕಾಸು ಹಾಕಿದ್ರೆ ಮಾತ್ರ ದರ್ಶನ. ಇದ್ದದ್ದು ಮೂರೇ ಚಾನೆಲ್. ಅದರಲ್ಲಿ ಜಾಹೀರಾತು ಬರೋದೊಂದಿತ್ತಲ್ಲ, ಅದು ಸ್ಟ್ರೈಕ್ ಆಗಿ ನಿಂತೋಯ್ತು. ಬರೀ ನೀಲಿ ಪರದೆ, ಅದರ ಮೇಲೆ ಮೂರು ಸಾಲು. ಸಾರಿ, ಇಲ್ಲಿ ತಕರಾರು ನಡೀತಿದೆ, ಆದಷ್ಟು ಬೇಗ ಶುರು ಮಾಡ್ತೀವಿ ಅಂತ. ಸರಿ, ಇಡೀ ಇಂಗ್ಲೆಂಡು ಬೇರೆ ಚಾನೆಲ್ ನೋಡ್ತು. ನಮ್ಮ ಮನೆಯವರೊಬ್ರನ್ನ ಬಿಟ್ಟು!" ಎಲ್ಲರೂ ನಳಿನಿಯತ್ತ ತಿರುಗಿದರು. ಅವಳು, ಯಾವಾಗಿನಂತೆ, ನಗುವನ್ನು ಸಿದ್ಧವಾಗಿಟ್ಟುಕೊಂಡಿದ್ದಳು. "ಡ್ಯೂಟಿ ಮುಗಿಸಿ ಬಂದು ನೋಡ್ತೀನಿ, ಎದುರುಗಡೆ ಕುರ್ಚಿ ಹಾಕ್ಕೊಂಡು ಕೂತಿದಾಳೆ. ಪಕ್ಕದಲ್ಲಿ ಚಿಲ್ಲರೆ ಬಟ್ಟಲು. ಕಾಸು ಹಾಕೋದು, ಖಾಲಿ ಪರದೆ ನೋಡೋದು! ನಾನು ಕೇಳ್ದೆ, ಏನೇ, ಕಥೆ ಎಲ್ಲೀವರೆಗೆ ಬಂತು ಅಂತ. ಅದಕ್ಕಿವಳು…" ಇಲ್ಲಿ ಒಂದು ಉಸಿರಿನಷ್ಟು ನಿಲ್ಲಬೇಕು, ನಿಂತ. "ಶ್! ಇರಿ, ಈಗ ಶುರುವಾಗತ್ತೆ!"

ನಗು ಹೊಸ ಮನೆಯ ಎತ್ತರದ ಚಾವಣಿಗೆ ಹೋಗಿ ಬಡಿಯಿತು. "ಆಂಟಿ, ಸ್ಕ್ರೀನ್‌ಸೇವರ್ ನೋಡಿದ ಮೊದಲನೇ ಮನುಷ್ಯರು ನೀವೇ," ಎಂದ ದುಷ್ಯಂತ್ ಎಂಬ ಸಾಫ್ಟ್‌ವೇರ್ ಹುಡುಗ, ತುಂಬ ಒಳ್ಳೆಯ ಮನಸ್ಸಿನಿಂದ. ಅನಘಾ ಬಾಯಿಗೆ ಕೈ ಇಟ್ಟುಕೊಂಡಿದ್ದಳು. "ಅಪ್ಪಾ! ಈ ಜೋಕು ಆ ಸ್ಟ್ರೈಕಾ? ನಂಗೆ ಗೊತ್ತೇ ಇರ್ಲಿಲ್ಲ. ದಿಸ್ ಈಸ್ ಮೈ ಓಪನಿಂಗ್! ಸಂಜೆ ಕ್ಯಾಮೆರಾ ಮುಂದೆ ಸೇಮ್ ಹೀಗೇ ಹೇಳು." ನಳಿನಿಯೂ ನಕ್ಕಳು. ತನ್ನ ನಗು ಉಳಿದವರದಕ್ಕಿಂತ ತುಸು ತಡವಾಗಿ ಶುರುವಾಗಿ ತುಸು ತಡವಾಗಿ ಮುಗಿಯುವುದನ್ನು ಅವಳು ಯಾರದೋ ನಗುವಿನ ಹಾಗೆ ಕೇಳಿಸಿಕೊಂಡಳು. ಮೊದಲ ಸಲ ಅವನು ಇದನ್ನು ಹೇಳಿದ್ದು ಹ್ಯೂಸ್ಟನ್ನಿನಲ್ಲಿ, ಇಂಗ್ಲೆಂಡು ಬಿಟ್ಟು ಬಂದ ಹೊಸತರಲ್ಲಿ, ಅಲ್ಲಿಯ ಸ್ಟಾಫರ್ಡಿನ ಹತ್ತಿರದ ಅಪಾರ್ಟ್‌ಮೆಂಟಿಗೆ ನಾಲ್ಕು ಜನರನ್ನು ಊಟಕ್ಕೆ ಕರೆದಾಗ. ಯಾರ ಪರಿಚಯವೂ ಸರಿಯಾಗಿಲ್ಲ, ಮಾತು ನಿಂತು ನಿಂತು ಹೋಗುತ್ತಿತ್ತು; ಆ ನಿಂತ ಜಾಗಕ್ಕೆ ಅವನು ಇದನ್ನು ತಂದು ಹಾಕಿದ. ಎಲ್ಲರೂ ನಕ್ಕರು, ಬಿಗಿ ಸಡಿಲವಾಯಿತು. ಅವಳೂ ನಕ್ಕಿದ್ದಳು. ಅವತ್ತು ನಗದೇ ಇದ್ದಿದ್ದರೆ? ಅದೊಂದು ನಗುವಿಗೆ ರುಜು ಹಾಕಿದ ಹಾಗಾಗಿ, ಆಮೇಲೆ ಪ್ರತಿಸಲವೂ ನಗಬೇಕಾಯಿತು.

"ಅಕ್ಕಾರ, ಸ್ವಲ್ಪ ಒಳಗ ಬರ್ರಿ. ಹೋಳಿಗಿಗೆ ತುಪ್ಪ ಎಷ್ಟು ಹಾಕ್ಬೇಕು, ನನಗ ತಿಳೀವಲ್ದು." ರಾಜಲಕ್ಷ್ಮಿ ಬಂದು ಅವಳ ಕೈಯ ತಟ್ಟೆಯನ್ನು ತಾನೇ ತೆಗೆದುಕೊಂಡಳು. ಒಳಗೆ ಹೋದರೆ ಹೋಳಿಗೆಗೆ ಆಗಲೇ ತುಪ್ಪ ಹಾಕಿತ್ತು. ರಾಜಲಕ್ಷ್ಮಿ ನಲ್ಲಿ ತಿರುಗಿಸಿ, ತೊಳೆಯುವ ಅಗತ್ಯವಿಲ್ಲದ ಒಂದು ಪಾತ್ರೆ ತೊಳೆಯುತ್ತ ನಿಂತಳು. ನಳಿನಿ ಅವಳ ಪಕ್ಕ ನಿಂತು ಹಿತ್ತಿಲ ಬೇಲಿಯನ್ನು ನೋಡಿದಳು. ಹೊಸ ಮರದ ಬೇಲಿ, ಇನ್ನೂ ಹಳದಿ.

ಲೀಡ್ಸಿನ ಮನೆಯ ಹಿಂದೆ ಬೇಲಿಯಿರಲಿಲ್ಲ, ಮಸಿ ಹಿಡಿದ ಗೋಡೆ. ಆಗಸ್ಟಿನ ಕೊನೆಯಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದಾಗ ಆ ಗೋಡೆಯ ಮೇಲೆ ಅವಳೇ ಒಣಹಾಕಿದ್ದ ಪುಟ್ಟ ಬಿಳಿ ಬಟ್ಟೆಗಳು ಹಾಗೇ ಇದ್ದವು, ಮಳೆಗೆ ನೆನೆದು, ಒಣಗಿ, ಮತ್ತೆ ನೆನೆದು. ಗಂಡು ಮಗು. ಒಂದು ದಿನವೂ ಪೂರ್ತಿ ಇರಲಿಲ್ಲ. ಚಂದ್ರಮೋಹನ ಅದೇ ಆಸ್ಪತ್ರೆಯ ಚಿಕ್ಕ ಡಾಕ್ಟರು. ಬಿಳಿ ಕೋಟಿನಲ್ಲೇ ಮಂಚದ ಬಳಿ ಬಂದು, ಚಾರ್ಟು ನೋಡಿ, ಅದನ್ನು ಅದರ ಜಾಗದಲ್ಲೇ ತೂಗುಹಾಕಿ, "ಮುಂದೆ ನೋಡೋಣ," ಅಂದಿದ್ದ. ಊರಿನಿಂದ ಬಂದ ಕಾಗದದಲ್ಲಿ ದೇವರು ಇನ್ನೊಂದು ಕೊಡುತ್ತಾನೆ ಎಂದಿತ್ತು. ಎಲ್ಲರೂ ಮುಂದಕ್ಕೆ ಕೈ ತೋರಿಸುತ್ತಿದ್ದರು, ಬಸ್ಸು ತಪ್ಪಿಸಿಕೊಂಡವಳಿಗೆ ತೋರಿಸುವ ಹಾಗೆ. ಅವನು ಹಗಲು ರಾತ್ರಿ ಡ್ಯೂಟಿ ಹಾಕಿಸಿಕೊಂಡ. ಅವಳು ಟಿ.ವಿ. ಹಾಕಿದಳು. ಬಿಬಿಸಿಯ ಎರಡೂ ಚಾನೆಲ್ಲುಗಳಲ್ಲಿ ಜನ ನಗುತ್ತಿದ್ದರು, ತೋಟ ಮಾಡುತ್ತಿದ್ದರು, ಯಾರೋ ಒಬ್ಬಳು ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು ಜಾಮು ಮಾಡುವುದನ್ನು ಹೇಳಿಕೊಡುತ್ತಿದ್ದಳು. ಮೂರನೆಯ ಗುಂಡಿ ಒತ್ತಿದಳು. ನೀಲಿ. ಅದರ ಮೇಲೆ ಬರೆದಿತ್ತು, ನಾವು ವಿಷಾದಿಸುತ್ತೇವೆ. ಅವಳು ಓದಿದಳು. ಇನ್ನೊಮ್ಮೆ ಓದಿದಳು. ಹುಂಡಿಯ ಕಾಸು ಮುಗಿದು ಪರದೆ ಕಪ್ಪಾದಾಗ ಎದ್ದು ಇನ್ನೊಂದು ಹಾಕಿದಳು.

ಎಷ್ಟು ದಿನ ಹಾಗೆ ಕೂತಳೋ. ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆರೆದರೆ ಗೋಡೆಯಾಚೆಯ ಮುದುಕಿ, ಮಿಸೆಸ್ ಹಾರ್ಗ್ರೀವ್ಸ್, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಮುಚ್ಚಿದ ಒಂದು ತಟ್ಟೆ. ನೀಲಿ ಅಂಚಿನ ಪಿಂಗಾಣಿ ತಟ್ಟೆ. ಬೇಯಿಸಿದ ಆಲೂಗಡ್ಡೆ, ಬಟಾಣಿ, ಅದರ ಮೇಲೆ ಕಂದು ಬಣ್ಣದ ಬಿಸಿ ರಸ. "ನೀನು ಮಾಂಸ ತಿನ್ನೋದಿಲ್ಲ, ಗೊತ್ತು ಮಗು. ಅದಕ್ಕೇ ಬರೀ ರಸ ಹಾಕಿದೀನಿ," ಎಂದಳು ಮುದುಕಿ, ತನ್ನ ಇಂಗ್ಲಿಷಿನಲ್ಲಿ, ತುಂಬ ಯೋಚಿಸಿ ಮಾಡಿದವಳ ಹಾಗೆ. ಆ ರಸ ಯಾವುದರಿಂದ ಇಳಿದದ್ದೆಂದು ನಳಿನಿಗೆ ಗೊತ್ತಿತ್ತು. ಮೈಸೂರಿನ ಅಜ್ಜಿ ಮಡಿಯಲ್ಲಿ ಅಡಿಗೆ ಮಾಡುತ್ತಿದ್ದ ಮನೆಯ ಹುಡುಗಿ ಅವಳು. ತಟ್ಟೆ ತೆಗೆದುಕೊಂಡಳು, ಬಾಗಿಲ ಬಳಿಯ ಮೆಟ್ಟಿಲ ಮೇಲೆ ಕೂತಳು, ಒಂದು ಚೂರೂ ಬಿಡದೆ ತಿಂದಳು. ಮುದುಕಿ ಹೋಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತು ಬೀದಿ ನೋಡುತ್ತಿದ್ದಳು, ಕಾವಲಿಗೆ ನಿಂತ ಹಾಗೆ. ತಿಂದ ಮೇಲೆ ಪಾಪ ಮಾಡಿದೆನೆನಿಸಬೇಕಾಗಿತ್ತು. ಅನಿಸಲಿಲ್ಲ. ಅನಿಸಲಿಲ್ಲವಲ್ಲ ಎಂದೇ ಆಮೇಲೆ ಎಷ್ಟೋ ವರ್ಷ ಅಳುಕಿದ್ದಳು. ತಟ್ಟೆಯನ್ನು ವಾಪಸು ಕೊಡಲು ಹೋದಾಗ ಮುದುಕಿ, ಇಟ್ಟುಕೋ ಎಂದಳು. ಅದು ಹ್ಯೂಸ್ಟನ್ನಿಗೆ ಬಂತು, ಇರ್ವಿಂಗಿಗೆ ಬಂತು, ಈಗಲೂ ಅಡಿಗೆಮನೆಯ ಕೆಳಗಿನ ಕಪಾಟಿನಲ್ಲಿ ಸ್ಟೀಲಿನ ತಟ್ಟೆಗಳ ಅಡಿಯಲ್ಲಿದೆ. ಯಾವ ತಟ್ಟೆ ಎಂದು ಚಂದ್ರಮೋಹನ ಒಂದು ಸಲವೂ ಕೇಳಿರಲಿಲ್ಲ.

ಅಕ್ಟೋಬರಿನಲ್ಲಿ ಮುಷ್ಕರ ಮುಗಿದು ಪ್ರಸಾರ ಮತ್ತೆ ಶುರುವಾಯಿತು. ಗೋಡೆಯಾಚೆ ಮುದುಕಿಯ ಟಿ.ವಿ. ಜೋರಾಗಿ ಕೇಳಿಸಿತು; ಬೀದಿಯ ಎಲ್ಲ ಕಿಟಕಿಗಳಲ್ಲೂ ಒಂದೇ ಬೆಳಕು ಅಲ್ಲಾಡುತ್ತಿತ್ತು. ಆ ದಿನದಿಂದ ನಳಿನಿ ಹುಂಡಿಗೆ ಕಾಸು ಹಾಕಲಿಲ್ಲ. ಕ್ಷಮೆ ಕೇಳುತ್ತಿದ್ದವರು ಎದ್ದು ತಮ್ಮ ಕೆಲಸಕ್ಕೆ ಹೋಗಿಬಿಟ್ಟಿದ್ದರು.

ಮನೆಗೆ ವಾಪಸಾಗುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. "ನೀನು ಊಟಾನೇ ಮಾಡ್ಲಿಲ್ಲ," ಎಂದ ಚಂದ್ರಮೋಹನ, ರಸ್ತೆಯಿಂದ ಕಣ್ಣು ತೆಗೆಯದೆ. "ಹಸಿವಿರಲಿಲ್ಲ," ಎಂದಳು. ಅವನು ನೋಡಿದ್ದನೆ? ಅಷ್ಟು ಜನರ ನಡುವೆ, ಎರಡು ಕೈಯಲ್ಲೂ ಜೋಕು ಹಿಡಿದುಕೊಂಡು?

ಸಂಜೆ ಅನಘಾ ಹಜಾರದಲ್ಲಿ ಕ್ಯಾಮೆರಾ ನಿಲ್ಲಿಸಿದಳು. ಸ್ಟ್ಯಾಂಡಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಅಪ್ಪನ ಹಳೆಯ ವೈದ್ಯಕೀಯ ಪುಸ್ತಕ ಬಂತು. ಸೋಫಾದಲ್ಲಿ ಅಪ್ಪ, ಪಕ್ಕದಲ್ಲಿ ಅಮ್ಮ. ಚಂದ್ರಮೋಹನ ತಲೆ ಬಾಚಿಕೊಂಡು ಬಂದಿದ್ದ. ಹೀಟರು ಒಂದು ಸಲ ನಿಟ್ಟುಸಿರು ಬಿಟ್ಟು ಮತ್ತೆ ಶುರುವಾಯಿತು. ಕ್ಯಾಮೆರಾದ ಮೂಗಿನ ಬಳಿ ಒಂದು ಕೆಂಪು ಚುಕ್ಕೆ ಹತ್ತಿತು.

"ಓಕೆ. ಬ್ರಿಟನ್, ನೈಂಟೀನ್ ಸೆವೆಂಟಿ ನೈನ್. ಏನು ನೋಡ್ತಿದ್ರಿ? ಅಪ್ಪ, ಯು ಸ್ಟಾರ್ಟ್."

"ಎಪ್ಪತ್ತೊಂಬತ್ತು. ಲೀಡ್ಸ್‌ನಲ್ಲಿದ್ವಿ," ಎಂದು ಅವನು ಶುರು ಮಾಡಿದ. "ಬಾಡಿಗೆ ಮನೆ, ಬಾಡಿಗೆ ಟಿ.ವಿ. ಆ ಟಿ.ವಿ. ಬೆನ್ನಿಗೊಂದು…"

"ಅದು ಹಾಗಲ್ಲ."

ಹೇಳಿದವರು ಯಾರೆಂದು ನಳಿನಿಗೇ ತಕ್ಷಣ ತಿಳಿಯಲಿಲ್ಲ. ದನಿ ದೂರದಿಂದ ಬಂದಂತಿತ್ತು. ಚಂದ್ರಮೋಹನನ ಎರಡು ಕೈಗಳು ಗಾಳಿಯಲ್ಲಿ ಹಾಗೇ ನಿಂತವು.

"ಯಾವುದು ಹಾಗಲ್ಲ? ಹುಂಡಿ ಇರ್ಲಿಲ್ವಾ?"

"ಹುಂಡಿ ಇತ್ತು." ಅವಳು ಮಗಳನ್ನು ನೋಡಲಿಲ್ಲ, ಕೆಂಪು ಚುಕ್ಕೆಯನ್ನು ನೋಡಿದಳು. "ಆ ಆಗಸ್ಟ್‌ನಲ್ಲಿ ನನಗೊಂದು ಮಗು ಆಯ್ತು, ಅನಘಾ. ಗಂಡು ಮಗು. ಉಳೀಲಿಲ್ಲ."

"ವಾಟ್?" ಎಂದಳು ಅನಘಾ. ಇಪ್ಪತ್ತು ವರ್ಷದ ಹುಡುಗಿ ಒಮ್ಮೆಲೇ ಐದು ವರ್ಷದವಳ ದನಿಯಲ್ಲಿ ಕೇಳಿದಳು. "ಅಮ್ಮಾ, ಆಫ್ ಮಾಡ್ಲಾ?"

"ಬೇಡ, ಇರಲಿ. ನೀನು ಕೇಳಿದ್ಯಲ್ಲ, ಏನು ನೋಡ್ತಿದ್ದೆ ಅಂತ. ಅಪ್ಪಂಗೆ ಡ್ಯೂಟಿ. ಮನೇಲಿ ಒಬ್ಬಳೇ. ಎಲ್ಲರೂ ಮುಂದೆ ಆಗತ್ತೆ, ಮುಂದೆ ಆಗತ್ತೆ ಅಂತಾನೇ ಅಂದ್ರು. ಆದದ್ದಕ್ಕೆ ಯಾರೂ ಒಂದು ಮಾತು ಹೇಳ್ಲಿಲ್ಲ. ಆ ಪರದೆ ಮಾತ್ರ ಹೇಳ್ತಿತ್ತು, ಸಾರಿ ಅಂತ. ನನಗಲ್ಲ, ಊರಿಗೆಲ್ಲ ಹೇಳ್ತಿದ್ದದ್ದು. ಆದ್ರೂ ದಿನವೆಲ್ಲ ಹೇಳ್ತಿತ್ತಲ್ಲ. ಅದಕ್ಕೇ ಕಾಸು ಹಾಕ್ತಿದ್ದೆ." ಇನ್ನೂ ಏನೋ ಇದೆಯೆಂದು ಹುಡುಕಿದಳು. ಇರಲಿಲ್ಲ. ಇಷ್ಟು ವರ್ಷ ಇಷ್ಟು ದೊಡ್ಡದಾಗಿದ್ದದ್ದು, ಹೇಳಲು ಹೋದರೆ ಇಷ್ಟೇ ಇತ್ತು.

ಚಂದ್ರಮೋಹನ ಕೈಗಳನ್ನು ನಿಧಾನವಾಗಿ ಇಳಿಸಿ ಮಂಡಿಯ ಮೇಲಿಟ್ಟುಕೊಂಡ. ಈಗ ಏಳುತ್ತಾನೆ, ಏನಾದರೂ ತಮಾಷೆ ಮಾಡುತ್ತಾನೆ, ಅಥವಾ ಮಗಳ ಎದುರಿಗೆ ಇದೇನು ಎನ್ನುತ್ತಾನೆ ಎಂದು ನಳಿನಿ ಕಾದಳು.

"ನಾನು ಅದರಲ್ಲಿ ಒಂದು ಬಿಟ್ಟಿದೀನಿ," ಎಂದ ಅವನು, ಕಾರ್ಪೆಟ್ಟಿಗೆ ಹೇಳುವ ಹಾಗೆ. "ಕಥೆ ಎಲ್ಲೀವರೆಗೆ ಬಂತು ಅಂತ ಕೇಳಿದ್ದು ನಿಜ. ಬೇರೆ ಏನು ಮಾತಾಡ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ. ಈಗ ಶುರುವಾಗತ್ತೆ ಅಂತ ನೀನು ಅಂದದ್ದೂ ನಿಜ. ಆಮೇಲೆ…" ಮಂಡಿಯ ಮೇಲಿನ ಕೈ ನೋಡಿಕೊಂಡ. "ಆಮೇಲೆ ನಾನೂ ಕೂತ್ಕೊಂಡೆ. ಕೋಟು ಕೂಡ ಬಿಚ್ಚಿರ್ಲಿಲ್ಲ. ನೀನು ನನ್ನ ಕಡೆ ನೋಡ್ಲಿಲ್ಲ. ಕಾಸು ಮುಗೀತು, ಕತ್ತಲಾಯ್ತು. ನಾನೇ ಎದ್ದು ಇನ್ನೊಂದು ಹಾಕ್ದೆ."

ಅವಳಿಗೆ ಅದು ನೆನಪಿರಲಿಲ್ಲ. ನೆನಪಿರಲಿಲ್ಲ ಎಂದುಕೊಳ್ಳುವಷ್ಟರಲ್ಲೇ ಪಕ್ಕದಲ್ಲೊಂದು ಭಾರ ಕುರ್ಚಿಯನ್ನು ಕಿರುಗುಟ್ಟಿಸಿದ್ದು, ಆಸ್ಪತ್ರೆಯ ಸೋಪಿನ ಘಾಟು, ಕತ್ತಲಲ್ಲಿ ಯಾರೋ ಜೇಬು ತಡಕಿದ ಸದ್ದು, ಹುಂಡಿಯೊಳಗೆ ಕಾಸು ಬಿದ್ದದ್ದು, ಆಮೇಲೆ ಕಾದ ಟಿ.ವಿ. ಪೆಟ್ಟಿಗೆಯ ಬೆನ್ನಿನಿಂದ ಸಣ್ಣಗೆ ಎದ್ದ ಧೂಳಿನ ವಾಸನೆ. ನಿಜವಾಗಿ ನೆನಪಿಗೆ ಬಂದವೋ, ತಾನೇ ಕಟ್ಟಿಕೊಂಡಳೋ. "ಎದ್ದು ಹಾಕಿದ್ದು ನೀವಾ?" ಎಂದಳು. ಅವನು ಹೌದೆಂದು ತಲೆ ಆಡಿಸಿದ. ಆಮೇಲೆ ಎದ್ದು, ಕ್ಯಾಮೆರಾದ ವೈರನ್ನು ಎಚ್ಚರಿಕೆಯಿಂದ ದಾಟಿ ಅಡಿಗೆಮನೆಗೆ ಹೋದ.

ಅನಘಾ ಕ್ಯಾಮೆರಾ ನಿಲ್ಲಿಸಲು ಮರೆತಿದ್ದಳು. ಬಂದು ಅಮ್ಮನ ಪಕ್ಕ, ಅಪ್ಪ ಎದ್ದುಹೋದ ಕುಳಿಯಲ್ಲಿ ಕೂತು ಭುಜಕ್ಕೆ ತಲೆ ಇಟ್ಟಳು. "ಅವನಿಗೆ ಹೆಸರಿತ್ತಾ?" ಎಂದು ಕೇಳಿದಳು, ತಪ್ಪಿಲ್ಲದ ಕನ್ನಡದಲ್ಲಿ. "ಇಡೋಷ್ಟು ಹೊತ್ತಿರಲಿಲ್ಲ," ಎಂದಳು ನಳಿನಿ. ಅಡಿಗೆಮನೆಯಿಂದ ಫ್ರಿಜ್ಜಿನ ಬಾಗಿಲು, ಡಬ್ಬಿ ತೆರೆದ ಸದ್ದು, ಒಂದು ಚಮಚ ಕೆಳಗೆ ಬಿದ್ದು ಉರುಳಿದ್ದು. ಆಮೇಲೆ ಕೆಳಗಿನ ಕಪಾಟು ತೆರೆದು, ಸ್ಟೀಲಿನ ತಟ್ಟೆಗಳನ್ನು ಒಂದೊಂದಾಗಿ ಎತ್ತಿಡುತ್ತಿರುವ ಸದ್ದು. ಯಾಕಷ್ಟು ತಟ್ಟೆ ಎಂದುಕೊಂಡಳು.

ಅವನು ಬಂದಾಗ ಒಂದೇ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದಿದ್ದ. ಮೊಸರನ್ನ, ಸರಿಯಾಗಿ ಕಲೆಸಿರಲಿಲ್ಲ, ಒಂದು ಕಡೆ ಅನ್ನದ ಗಂಟು, ಇನ್ನೊಂದು ಕಡೆ ಮೊಸರು. ಅಂಚಿನಲ್ಲಿ ನಿಂಬೆಕಾಯಿಯ ಉಪ್ಪಿನಕಾಯಿ, ಬೇಕಾದದ್ದಕ್ಕಿಂತ ಹೆಚ್ಚು. ಅಂಚು ನೀಲಿ. ಗೊತ್ತಿದ್ದೇ ಅದನ್ನು ಹುಡುಕಿ ತೆಗೆದನೋ, ಕೈಗೆ ಸಿಕ್ಕಿತೋ, ಅವಳು ಕೇಳಲಿಲ್ಲ. ಅವನು ಬಾಗಿ ತಟ್ಟೆಯನ್ನು ಅವಳ ಕೈಗಿಟ್ಟ. ಅವಳ ಬೆರಳುಗಳು ಅದನ್ನು ಗಟ್ಟಿಯಾಗಿ ಹಿಡಿಯುವವರೆಗೆ ತನ್ನ ಹಿಡಿತ ಬಿಡಲಿಲ್ಲ.